ಸರ್ಟಿಫಿಕೇಷನ್‌ಗೆ 60 ಸಾವಿರ ಸುರಿಯಬೇಕಾ? ಕ್ಲೌಡ್ ಕಡೆ ಹೋದವರು ಹೇಳಿ

ರಾತ್ರಿಪಾಳಿ:
ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ ಸಿಟಿಯ ಒಂದು ಸರ್ವಿಸ್ ಕಂಪನಿಯಲ್ಲಿ ಪ್ರೊಡಕ್ಷನ್ ಸಪೋರ್ಟ್‌ನಲ್ಲಿದ್ದೇನೆ. ಟಿಕೆಟ್ ಬರುತ್ತದೆ, ಲಾಗ್ ನೋಡುತ್ತೇನೆ, ಸರ್ವಿಸ್ ರೀಸ್ಟಾರ್ಟ್ ಮಾಡುತ್ತೇನೆ, ಟಿಕೆಟ್ ಕ್ಲೋಸ್ ಮಾಡುತ್ತೇನೆ, ಅಷ್ಟೇ. ಡೆವ್‌ಆಪ್ಸ್ (ಸಾಫ್ಟ್‌ವೇರ್ ಬಿಡುಗಡೆ, ಸರ್ವರ್ ನಿರ್ವಹಣೆ) ಅಥವಾ ಕ್ಲೌಡ್ ಕಡೆ ಹೋಗಬೇಕು ಅಂತ ಆಸೆ. ಮಾರತಹಳ್ಳಿಯ ಒಂದು ಇನ್‌ಸ್ಟಿಟ್ಯೂಟ್‌ನವರು ಎಡಬ್ಲ್ಯುಎಸ್ (ಅಮೆಜಾನ್ ಕ್ಲೌಡ್), ಅಜೂರ್ (ಮೈಕ್ರೋಸಾಫ್ಟ್ ಕ್ಲೌಡ್), ಕುಬರ್ನೆಟಿಸ್ (ಕಂಟೇನರ್‌ಗಳನ್ನ ನಿಭಾಯಿಸೋ ಸಾಫ್ಟ್‌ವೇರ್), ಟೆರಾಫಾರ್ಮ್ (ಕ್ಲೌಡ್ ವ್ಯವಸ್ಥೆಯನ್ನ ಕೋಡ್‌ನಿಂದ ಕಟ್ಟೋ ಟೂಲ್) ನಾಲ್ಕೂ ಸೇರಿಸಿ 60 ಸಾವಿರ ಹೇಳಿದ್ದಾರೆ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅನ್ನುತ್ತಾರೆ, ಆದರೆ ಪರೀಕ್ಷೆ ಫೀಸು ಅದರಲ್ಲಿ ಸೇರಿದೆಯಾ ಅಂತ ಕೇಳಿದರೆ ಮಾತು ಹಾರಿಸುತ್ತಾರೆ. ನಮ್ಮ ಟೀಮ್ ಲೀಡ್ ಅಂತೂ 'ಅದೆಲ್ಲ ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಳ್ಳೋಕೆ ಮಾತ್ರ' ಅಂತ ನಗುತ್ತಾರೆ. ನೌಕ್ರಿಯಲ್ಲಿ ನೋಡಿದರೆ ಎಷ್ಟೋ ಜಾಹೀರಾತಲ್ಲಿ ಸರ್ಟಿಫಿಕೇಷನ್ ಇದ್ದವರಿಗೆ ಆದ್ಯತೆ ಅಂತ ಇರುತ್ತದೆ. ಯಾರ ಮಾತು ನಂಬಬೇಕು? ನನ್ನ ಸಂಬಳ ಹೇಳಿಕೊಳ್ಳುವಷ್ಟಿಲ್ಲ, ಊರಿಗೂ ಕಳಿಸಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಬೈಟು ಕಾಫಿ:
ಮೊದಲನೇದಾಗಿ, ಆ 60 ಸಾವಿರ ಕೊಡಬೇಡಿ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅನ್ನೋದನ್ನ ಲೆಟರ್‌ಹೆಡ್ ಮೇಲೆ ಬರೆದುಕೊಡಿ ಅಂತ ಒಂದು ಸಲ ಕೇಳಿ ನೋಡಿ, ಮಜಾ ಇರುತ್ತದೆ.

ನಾನು ಔಟರ್ ರಿಂಗ್ ರೋಡ್‌ನ ಒಂದು ಪ್ರಾಡಕ್ಟ್ ಕಂಪನಿಯಲ್ಲಿದ್ದೇನೆ, ಇಂಟರ್‌ವ್ಯೂ ತೆಗೆದುಕೊಳ್ಳೋದು ನನ್ನ ಕೆಲಸದ ಒಂದು ಭಾಗ. ರೆಸ್ಯೂಮ್‌ನಲ್ಲಿ ಸಾಲಾಗಿ ಸರ್ಟಿಫಿಕೇಷನ್ ಬ್ಯಾಡ್ಜ್ ಹಾಕಿಕೊಂಡು ಬಂದವರನ್ನ ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡಿಸುತ್ತೇನೆ. ಪ್ರೈವೇಟ್ ಸಬ್‌ನೆಟ್‌ನಲ್ಲಿರೋ (ಇಂಟರ್‌ನೆಟ್‌ಗೆ ನೇರ ಸಂಪರ್ಕ ಇಲ್ಲದ ಒಳಜಾಲದಲ್ಲಿರೋ) ಸರ್ವರ್‌ಗೆ ಇಂಟರ್‌ನೆಟ್ ಬೇಕು, ಏನು ಮಾಡುತ್ತೀರಿ? ನ್ಯಾಟ್ ಗೇಟ್‌ವೇ (ಒಳಗಿನ ಸರ್ವರ್‌ಗಳನ್ನ ಇಂಟರ್‌ನೆಟ್‌ಗೆ ದಾಟಿಸೋ ಸೇವೆ) ಅಂತ ಎಲ್ಲರೂ ಹೇಳುತ್ತಾರೆ. ಸರಿ, ಈಗ ತಿಂಗಳ ಬಿಲ್ ಬಂದಿದೆ, ಆ ನ್ಯಾಟ್ ಗೇಟ್‌ವೇ ಖರ್ಚೇ ಸಿಕ್ಕಾಪಟ್ಟೆ ಏರಿದೆ, ಎಲ್ಲಿಂದ ಹುಡುಕುತ್ತೀರಿ? ಇಲ್ಲಿಗೆ ಬಹಳ ಜನರ ಗಾಡಿ ನಿಲ್ಲುತ್ತದೆ. ಕೆಲಸ ಮಾಡಿದವರಾದರೆ 'ಸರ್ವರ್‌ನಿಂದ ಎಸ್3ಗೆ (ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹಕ್ಕೆ) ಹೋಗೋ ಡೇಟಾ ಎಲ್ಲಾ ನ್ಯಾಟ್ ಮೂಲಕವೇ ಹೋಗುತ್ತಿದೆಯಾ ನೋಡುತ್ತೇನೆ, ಹಾಗಿದ್ದರೆ ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್, ಅಂದರೆ ನ್ಯಾಟ್ ಬಿಟ್ಟು ನೇರ ದಾರಿ, ಹಾಕುತ್ತೇನೆ' ಅನ್ನುತ್ತಾರೆ. ನ್ಯಾಟ್ ಮೂಲಕ ಹೋಗೋ ಪ್ರತಿ ಜಿಬಿಗೂ ದುಡ್ಡು ಬೀಳುತ್ತದೆ, ಆ ಎಂಡ್‌ಪಾಯಿಂಟ್ ಪುಕ್ಕಟೆ. ತಮಾಷೆ ಏನು ಗೊತ್ತಾ, ಇದು ಎಡಬ್ಲ್ಯುಎಸ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಪರೀಕ್ಷೆಗೆ ಓದುವಾಗಲೇ ಸಿಗೋ ವಿಷಯ! ಓದಿರುತ್ತಾರೆ, ಉತ್ತರಾನೂ ಟಿಕ್ ಮಾಡಿರುತ್ತಾರೆ, ಅದಕ್ಕೂ ಬಿಲ್ಲಿಗೂ ನಂಟಿದೆ ಅಂತ ಮಾತ್ರ ಹೊಳೆದಿರುವುದಿಲ್ಲ.

ಇನ್ನೊಂದು. ಸಪೋರ್ಟ್ ಕೆಲಸ ಅಂತ ನಿಮ್ಮನ್ನ ನೀವೇ ಇಳಿಸಿಕೊಳ್ಳಬೇಡಿ. ನಡುರಾತ್ರಿ ಲಾಗ್ ಓದಿ ಎಲ್ಲಿ ಕೈಕೊಟ್ಟಿದೆ ಅಂತ ಹಿಡಿಯೋ ಅಭ್ಯಾಸ ಇರುವವರು ಸಿಗೋದೇ ಕಷ್ಟ. ರೆಸ್ಯೂಮ್‌ನಲ್ಲಿ ಅದನ್ನ ಬ್ಯಾಡ್ಜ್‌ಗಿಂತ ಮೇಲೆ ಬರೆಯಿರಿ.

ಬಿಕಾಂ ಹುಡುಗಿ:
ಬೈಟು ಕಾಫಿ ಸರ್, ಇಂಟರ್‌ವ್ಯೂನಲ್ಲಿ ನೀವು ಏನು ಕೇಳುತ್ತೀರಿ ಅನ್ನೋದು ಆಮೇಲಿನ ಮಾತು. ನಿಮ್ಮ ಮುಂದೆ ಬಂದು ಕೂರೋದು ಹೇಗೆ? ನಾನು ಹಾಸನದ ಕಡೆಯವಳು, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ, ಆಮೇಲೆ ಬಿಕಾಂ. ಬಿಇ ಇಲ್ಲ ಅಂತ ಎಚ್‌ಆರ್ ಹತ್ತಿರವೇ ನನ್ನ ರೆಸ್ಯೂಮ್ ಸತ್ತುಹೋಗುತ್ತಿತ್ತು. ಎಡಬ್ಲ್ಯುಎಸ್ ಅಸೋಸಿಯೇಟ್ ಮಟ್ಟದ ಪರೀಕ್ಷೆ ಪಾಸಾದ ಮೇಲೆ ಫೋನ್ ಬರೋಕೆ ಶುರುವಾಯಿತು. ಅದರಿಂದ ಕೆಲಸ ಸಿಕ್ಕಿತು ಅನ್ನುವುದಿಲ್ಲ, ಫೋನ್ ಬಂತು ಅನ್ನುತ್ತೇನೆ. ಕಂಪ್ಯೂಟರ್ ಸೈನ್ಸ್ ಓದಿ ಕ್ಯಾಂಪಸ್‌ನಲ್ಲೇ ಕೆಲಸ ಹಿಡಿದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ರಾತ್ರಿಪಾಳಿ ಅವರೇ, ಇನ್‌ಸ್ಟಿಟ್ಯೂಟ್ ಬೇಡ ಅನ್ನೋದಕ್ಕೆ ನನ್ನದೂ ಓಟು. ನಾನು ಬರೆದ ಎಡಬ್ಲ್ಯುಎಸ್ ಅಸೋಸಿಯೇಟ್ ಪರೀಕ್ಷೆ 150 ಡಾಲರ್, ತೆರಿಗೆ ಬೇರೆ. 65 ಪ್ರಶ್ನೆ, 130 ನಿಮಿಷ, ಸಾವಿರಕ್ಕೆ 720 ಬಂದರೆ ಪಾಸ್. ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ ಕೇಳಿ: ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಕೇಳಿದರೆ ಎಡಬ್ಲ್ಯುಎಸ್‌ನವರು 30 ನಿಮಿಷ ಜಾಸ್ತಿ ಕೊಡುತ್ತಾರೆ. ಆದರೆ ಪರೀಕ್ಷೆ ಬುಕ್ ಮಾಡೋಕೆ ಮುಂಚೆಯೇ ಅಕೌಂಟ್‌ನಲ್ಲಿ ಕೇಳಿಕೊಂಡಿರಬೇಕು, ಬುಕ್ ಮಾಡಿದ ಮೇಲೆ ಕೇಳಿದರೆ ಆ ಪರೀಕ್ಷೆಗೆ ಸಿಗುವುದಿಲ್ಲ. ಪ್ರಶ್ನೆಗಳೆಲ್ಲ ಉದ್ದುದ್ದ ಪ್ಯಾರಾ, ಕೊನೆ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತೇವೆ. ನಮ್ಮಂಥವರಿಗೆ ಆ ಅರ್ಧ ಗಂಟೆ ದೊಡ್ಡದು.

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಮೂರು ಅಜೂರ್ ಸರ್ಟಿಫಿಕೇಟ್ ಇದೆ. ಅಪ್ರೈಸಲ್‌ನಲ್ಲಿ 'ಗುಡ್, ಕೀಪ್ ಇಟ್ ಅಪ್' ಅಂದರು. ಸಂಬಳ ಅಲ್ಲೇ ಇದೆ.

ಹಳೇ ಸಿಸ್ಅಡ್ಮಿನ್:
ಸಂತ್ರಸ್ತರೇ, ನಿಮ್ಮ ಕಂಪನಿಗೆ ಲಾಭ ಆಗಿರುತ್ತದೆ, ಚಿಂತೆ ಮಾಡಬೇಡಿ :)

ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಸರ್ಟಿಫಿಕೇಟ್ ಯಾರಿಗೆ ಬೇಕು ಅನ್ನೋದನ್ನ ಮೊದಲು ನೋಡಬೇಕು. ಎಡಬ್ಲ್ಯುಎಸ್, ಮೈಕ್ರೋಸಾಫ್ಟ್ ಇವರ ಹತ್ತಿರ ಪಾರ್ಟ್‌ನರ್ ಅಂತ ಮೇಲಿನ ಮಟ್ಟಕ್ಕೆ ಹೋಗಬೇಕಾದರೆ ನಮ್ಮಲ್ಲಿ ಇಷ್ಟು ಜನ ಸರ್ಟಿಫೈಡ್ ಇದ್ದಾರೆ ಅಂತ ಸರ್ವಿಸ್ ಕಂಪನಿಗಳು ಲೆಕ್ಕ ತೋರಿಸಬೇಕು. ಕ್ಲೈಂಟ್ ಮುಂದೆ ಪ್ರಪೋಸಲ್ ಇಡುವಾಗಲೂ ಅದೇ ಲೆಕ್ಕ. ಹಾಗಾಗಿ ರಾತ್ರಿಪಾಳಿ, ನಿಮ್ಮ ಸರ್ಟಿಫಿಕೇಟ್ ನಿಮಗಿಂತ ನಿಮ್ಮ ಕಂಪನಿಗೇ ಜಾಸ್ತಿ ಬೇಕು. ಫೀಸು ಅವರೇ ಕಟ್ಟಲಿ. ಮ್ಯಾನೇಜರ್ ಹತ್ತಿರ ಅಲ್ಲ, ಟ್ರೈನಿಂಗ್ ವಿಭಾಗದವರಿಗೆ ಒಂದು ಮೇಲ್ ಹಾಕಿ ವೋಚರ್ ಇದೆಯಾ, ರೀಇಂಬರ್ಸ್‌ಮೆಂಟ್ ಇದೆಯಾ ಕೇಳಿ. ಎಷ್ಟೋ ಕಡೆ ವೋಚರ್ ಇರುತ್ತದೆ, ಕೇಳುವವರಿಲ್ಲದೆ ತಾರೀಖು ಮುಗಿದುಹೋಗುತ್ತದೆ. ಆದರೆ ಸಣ್ಣ ಅಕ್ಷರದಲ್ಲಿರೋದನ್ನೂ ಓದಿ, ಕಂಪನಿ ದುಡ್ಡಲ್ಲಿ ಪರೀಕ್ಷೆ ಬರೆದು ಇಷ್ಟು ತಿಂಗಳ ಒಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅಂತ ಇರಬಹುದು.

ಯಾವುದು ಬರೆಯಬೇಕು ಅಂದರೆ, ನಾನಾದರೆ ಟಿಕ್ ಹಾಕೋ ಪರೀಕ್ಷೆಗಿಂತ ಕೈಯಲ್ಲಿ ಮಾಡಿ ತೋರಿಸೋ ಪರೀಕ್ಷೆಗೆ ಬೆಲೆ ಕೊಡುತ್ತೇನೆ. ರೆಡ್‌ಹ್ಯಾಟ್‌ನ ಲಿನಕ್ಸ್ ಪರೀಕ್ಷೆ ಆರ್‌ಎಚ್‌ಸಿಎಸ್‌ಎ ಹಾಗೆ, ಕುಬರ್ನೆಟಿಸ್‌ನ ಅಡ್ಮಿನಿಸ್ಟ್ರೇಟರ್ ಪರೀಕ್ಷೆ ಸಿಕೆಎ ಹಾಗೆ. ಸಿಕೆಎಯಲ್ಲಿ 2 ಗಂಟೆ ಟರ್ಮಿನಲ್ ಮುಂದೆ ಕೂರಿಸುತ್ತಾರೆ, ಕೆಟ್ಟು ಕೂತಿರೋ ಕ್ಲಸ್ಟರ್ (ಸರ್ವರ್‌ಗಳ ಗುಂಪು) ಸರಿ ಮಾಡು ಅನ್ನುತ್ತಾರೆ. ನೋಡ್, ಅಂದರೆ ಆ ಗುಂಪಿನ ಒಂದು ಸರ್ವರ್, 'ನಾಟ್‌ರೆಡಿ' ಅಂತ ತೋರಿಸುತ್ತಿರುತ್ತದೆ, ನೀವು ಒಳಗೆ ಹೋಗಿ ಕ್ಯೂಬ್‌ಲೆಟ್ (ಆ ಸರ್ವರ್‌ನಲ್ಲಿ ಓಡೋ ಕುಬರ್ನೆಟಿಸ್ ಪ್ರೋಗ್ರಾಂ) ಯಾಕೆ ನಿಂತಿದೆ ಅಂತ ಜರ್ನಲ್, ಅಂದರೆ ಸಿಸ್ಟಮ್ ಲಾಗ್, ಓದಿ ಹುಡುಕಬೇಕು. ಕುಬರ್ನೆಟಿಸ್ ಡಾಕ್ಯುಮೆಂಟೇಷನ್ ತೆರೆದಿಟ್ಟುಕೊಂಡೇ ಬರೆಯಬಹುದು, ಆದರೂ ಟೈಮ್ ಸಾಲುವುದಿಲ್ಲ. ಪಾಸಾಗೋಕೆ 66 ಪರ್ಸೆಂಟ್. ಒಂದು ಸಲ ಫೇಲಾದರೆ ಅದೇ ಫೀಸಲ್ಲಿ ಇನ್ನೊಂದು ಅವಕಾಶ ಇದೆ. ಟಿಕೆಟ್ ನೋಡಿ ಪಳಗಿದ ನಿಮಗೆ ಇದು ಅಪರಿಚಿತ ಅನ್ನಿಸುವುದಿಲ್ಲ. ಫೀಸು ಮಾತ್ರ ಜೋರು, ನವೆಂಬರ್ ಕೊನೆಯಲ್ಲಿ ಆ ಪರೀಕ್ಷೆ ನಡೆಸೋ ಲಿನಕ್ಸ್ ಫೌಂಡೇಷನ್‌ನವರು ಸೇಲ್ ಹಾಕುತ್ತಾರೆ, ಕಾಯಿರಿ. 2024ರ ಏಪ್ರಿಲ್‌ನಿಂದ ಸಿಕೆಎ ಸರ್ಟಿಫಿಕೇಟ್ ಚಾಲ್ತಿಯಲ್ಲಿರೋದು 2 ವರ್ಷ ಮಾತ್ರ, ಮೊದಲು 3 ಇತ್ತು. ಎಡಬ್ಲ್ಯುಎಸ್‌ಗೆ 3 ವರ್ಷ. ಅಜೂರ್‌ನ ಅಡ್ಮಿನಿಸ್ಟ್ರೇಟರ್ ಥರದವು ಒಂದೇ ವರ್ಷ, ಆದರೆ ಮನೆಯಲ್ಲೇ ಕೂತು ಪುಕ್ಕಟೆ ರಿನ್ಯೂ ಮಾಡಿಕೊಳ್ಳಬಹುದು.

ನಾಲ್ಕೂ ಒಟ್ಟಿಗೆ ಅನ್ನೋ ಹುಚ್ಚು ಬಿಡಿ. ನಾಲ್ಕನೇದು ಮುಗಿಸುವಷ್ಟರಲ್ಲಿ ಮೊದಲನೇದರ ವಿಷಯ ತಲೆಯಲ್ಲಿ ಇರುವುದಿಲ್ಲ.

ಬೈಟು ಕಾಫಿ:
ಬಿಕಾಂ ಹುಡುಗಿ ಹೇಳಿದ್ದು ಒಪ್ಪಿದೆ, ಎಚ್‌ಆರ್ ಏನು ನೋಡಿ ಬಿಸಾಕುತ್ತಾರೆ ಅನ್ನೋದು ನಮ್ಮವರೆಗೆ ಬರುವುದೇ ಇಲ್ಲ. ಆದರೂ ಪ್ರಾಡಕ್ಟ್ ಕಂಪನಿಗೆ ಹೋಗಬೇಕು ಅನ್ನುವವರಿಗೆ ನನ್ನ ಮಾತು ಅದೇ, ಬ್ಯಾಡ್ಜ್ ಎರಡನೇ ಸ್ಥಾನ. ಟೆಲಿಗ್ರಾಂನಲ್ಲಿ ಡಂಪ್ಸ್ (ಕದ್ದ ಪರೀಕ್ಷೆ ಪ್ರಶ್ನೆಗಳು) ಮಾರುವವರ ಹತ್ತಿರವಂತೂ ಹೋಗಬೇಡಿ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದು ಮಾಡುತ್ತಾರೆ, ಸಿಕ್ಕಿಬೀಳದಿದ್ದರೂ ಎರಡನೇ ಪ್ರಶ್ನೆಗೆ ನಮಗೆ ಗೊತ್ತಾಗುತ್ತದೆ. ಮತ್ತೆ ಅಭ್ಯಾಸಕ್ಕೆ ಅಂತ ನ್ಯಾಟ್ ಗೇಟ್‌ವೇ ಹಾಕಿದರೆ ಮುಗಿದ ತಕ್ಷಣ ಅಳಿಸಿ, ಟ್ರಾಫಿಕ್ ಇಲ್ಲದಿದ್ದರೂ ಗಂಟೆ ಲೆಕ್ಕದಲ್ಲಿ ಬಿಲ್ ಓಡುತ್ತಲೇ ಇರುತ್ತದೆ. ಕುಬರ್ನೆಟಿಸ್ ಆದರೆ ಲ್ಯಾಪ್‌ಟಾಪ್‌ನಲ್ಲೇ ಓಡೋ ಸಣ್ಣ ಕ್ಲಸ್ಟರ್ ಮಿನಿಕ್ಯೂಬ್ ಸಾಕು, ಖರ್ಚಿಲ್ಲ.

ರಾತ್ರಿಪಾಳಿ:
ಎಲ್ಲರಿಗೂ ಥ್ಯಾಂಕ್ಸ್. ಟ್ರೈನಿಂಗ್‌ನವರಿಗೆ ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ. ಎರಡು ಡೌಟು. ನಾನಿರೋದು ಬಿಟಿಎಂನಲ್ಲಿ ಪಿಜಿ, ರೂಮ್‌ಮೇಟ್ ಇದ್ದಾನೆ, ಆನ್‌ಲೈನ್ ಪರೀಕ್ಷೆ ಆಗುತ್ತಾ? ಆಮೇಲೆ ನನ್ನ ಆಧಾರ್‌ನಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇದೆ, ಪಾಸ್‌ಪೋರ್ಟ್‌ನಲ್ಲಿ ಅದನ್ನೇ ಬಿಡಿಸಿ ಅಪ್ಪನ ಹೆಸರು, ಊರ ಹೆಸರು ಎಲ್ಲಾ ಹಾಕಿದ್ದಾರೆ. ಏನು ಮಾಡೋದು ಅಕ್ಕ?

ಬಿಕಾಂ ಹುಡುಗಿ:
ಎಡಬ್ಲ್ಯುಎಸ್‌ಗಾದರೆ ಸೆಂಟರ್‌ಗೇ ಹೋಗಿ ಬರೆಯಪ್ಪ, ತಲೆನೋವಿಲ್ಲ. ಸಿಕೆಎಗೆ ಸೆಂಟರ್ ಇಲ್ಲ, ಆನ್‌ಲೈನ್ ಒಂದೇ. ಶುರುವಿನಲ್ಲಿ ಕ್ಯಾಮೆರಾ ತಿರುಗಿಸಿ ಇಡೀ ರೂಮ್ ತೋರಿಸು ಅನ್ನುತ್ತಾರೆ, ಟೇಬಲ್ ಮೇಲೆ ಏನೂ ಇರಬಾರದು, ಮಧ್ಯೆ ಯಾರಾದರೂ ಒಳಗೆ ಬಂದರೆ ಪರೀಕ್ಷೆ ನಿಲ್ಲಿಸಬಹುದು. ಪಿಜಿಯಲ್ಲಿ ಬೇಡ. ಊರಿಗೆ ಹೋದಾಗಲೋ ಯಾರಾದರೂ ಫ್ರೆಂಡ್ ಮನೆಯಲ್ಲೋ ಬರಿ, ಕರೆಂಟ್ ಹೋದರೆ ರೂಟರ್‌ಗೆ ಯುಪಿಎಸ್ ಇದೆಯಾ ನೋಡಿಕೊ. ಆಫೀಸ್ ಲ್ಯಾಪ್‌ಟಾಪ್ ಮುಟ್ಟಬೇಡ, ಅದರಲ್ಲಿರೋ ಸೆಕ್ಯುರಿಟಿ ಸಾಫ್ಟ್‌ವೇರ್ ಪರೀಕ್ಷೆ ಬ್ರೌಸರನ್ನೇ ತಡೆಯಬಹುದು.

ಹೆಸರು ಯಾವ ಐಡಿ ತೋರಿಸುತ್ತೀಯೋ ಅದರಲ್ಲಿ ಇರೋ ಹಾಗೇ ಅಕೌಂಟ್‌ನಲ್ಲಿ ಇರಬೇಕು. ಪಾಸ್‌ಪೋರ್ಟ್ ಇದೆಯಲ್ಲ, ಅದರ ಪ್ರಕಾರವೇ ಹಾಕು, ಅಪ್ಪನ ಹೆಸರು ಊರ ಹೆಸರು ಎಷ್ಟುದ್ದ ಇದ್ದರೂ ಇರಲಿ. ಬುಕ್ ಮಾಡೋಕೆ ಮುಂಚೆಯೇ ಸರಿ ಮಾಡಿಕೊ. ಪರೀಕ್ಷೆ ದಿನ ಹೆಸರು ತಾಳೆ ಆಗದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ಫೀಸೂ ಹೋಗುತ್ತದೆ.