ಫ್ಯಾಂಟೇಸಿಯಾಕ್ಕೆ ಮೊದಲ ಸಲ ಹೋಗುತ್ತಿದ್ದೇನೆ, ದಿನಕ್ಕೆ ಮೂರು ವಿಚಿತ್ರ ಸಿನಿಮಾ ತಡೆದುಕೊಳ್ಳಬಹುದಾ?

ಟೊರೊಂಟೊ_ಸಹನಾ
ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಗೆ ಗೆಳತಿಯ ಜೊತೆ ಮಾಂಟ್ರಿಯಲ್‌ಗೆ ಹೋಗಿ ಫ್ಯಾಂಟೇಸಿಯಾ ಅನ್ನುವ, ಭಯದ ಮತ್ತು ವಿಚಿತ್ರ ಸಿನಿಮಾಗಳ ಚಿತ್ರೋತ್ಸವದಲ್ಲಿ ಮೂರು ದಿನ ಸಿನಿಮಾ ನೋಡುವ ಯೋಚನೆ ಇದೆ. ಅವಳು ಆಗಲೇ ಒಂಬತ್ತು ಸಿನಿಮಾ ಆರಿಸಿ ಇಟ್ಟಿದ್ದಾಳೆ. ದೆವ್ವದ ಸಿನಿಮಾ ನನಗೆ ಹೊಸದಲ್ಲ. ಆದರೆ ಹೋದ ವರ್ಷ ಮನೆಯಲ್ಲಿ ಒಂದು ಸಿನಿಮಾ ನೋಡಿದೆ, ಅದರಲ್ಲಿ ರಕ್ತ ಇಲ್ಲ, ದೆವ್ವ ಇಲ್ಲ, ಒಬ್ಬ ಹೆಂಗಸು ಅಡುಗೆಮನೆಯ ಗೋಡೆ ನೋಡುತ್ತಾ ನಗುತ್ತಾಳೆ, ಅಷ್ಟೇ. ಎರಡು ವಾರ ರಾತ್ರಿ ನೀರು ಕುಡಿಯೋಕೆ ಅಡುಗೆಮನೆಗೆ ಹೋಗಲು ಆಗಲಿಲ್ಲ. ಅಂಥದ್ದನ್ನು ದೊಡ್ಡ ಪರದೆಯಲ್ಲಿ, ಮಧ್ಯೆ ನಿಲ್ಲಿಸಲೂ ಆಗದೆ, ದಿನಕ್ಕೆ ಮೂರು ನೋಡುವುದು ಹೇಗೆ? ಹೋಗಿ ಬಂದವರು ಹೇಳಿ.

ಪುತ್ತೂರಿನವ
ಸಹನಾ ಅವರೇ, ಧೈರ್ಯವಾಗಿ ಬನ್ನಿ. ನಾನು ಮಾಂಟ್ರಿಯಲ್‌ನಲ್ಲೇ ಇರುವುದು, ಆರು ವರ್ಷದಿಂದ ತಪ್ಪಿಸಿಲ್ಲ.

ಮೊದಲು ತಿಳಿದುಕೊಳ್ಳಬೇಕಾದ್ದು ಅಲ್ಲಿನ ಜನ. 1996ರಲ್ಲಿ ಹಾಂಗ್‌ಕಾಂಗ್, ಜಪಾನ್ ಸಿನಿಮಾಗಳಿಂದ ಶುರುವಾದ ಉತ್ಸವ ಇದು, ಈಗ ಸುಮಾರು ಮೂರು ವಾರ ನಡೆಯುತ್ತದೆ. ಶುರುವಿನಿಂದಲೂ ಬರುತ್ತಿರುವ ಒಬ್ಬರು ಒಮ್ಮೆ ನನ್ನ ಪಕ್ಕದಲ್ಲೇ ಕೂತಿದ್ದರು. ಲೈಟ್ ಆರಿದ ತಕ್ಷಣ ಹಾಲ್ ತುಂಬ ಜನ ಬೆಕ್ಕಿನ ಹಾಗೆ 'ಮಿಯಾಂವ್' ಅನ್ನುತ್ತಾರೆ, ಅದು ಅಲ್ಲಿನ ಪದ್ಧತಿ. ಒಬ್ಬ ಹಿಂದಿನಿಂದ, ಇನ್ನೊಬ್ಬಳು ಪಕ್ಕದಿಂದ ಅನ್ನುವ ಹಾಗೆ ಕತ್ತಲಲ್ಲಿ ಎಲ್ಲ ಕಡೆಯಿಂದ ಕೇಳುತ್ತದೆ. ಅಷ್ಟು ಹೊತ್ತಿಗೆ ನೀವು ಒಬ್ಬರೇ ಅಲ್ಲ ಅನ್ನುವುದು ಮೈಗೆ ಗೊತ್ತಾಗಿಬಿಡುತ್ತದೆ. ನಿಮ್ಮ ಅಡುಗೆಮನೆ ಸಿನಿಮಾ ಅಷ್ಟು ಕಾಡಿದ್ದು ನೀವು ಒಬ್ಬರೇ ನೋಡಿದ್ದಕ್ಕೆ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು, ತಡೆಯೋಕೆ ಆಗದಿದ್ದರೆ ಕಣ್ಣು ಮುಚ್ಚಬೇಡಿ, ಕಿವಿ ಮುಚ್ಚಿ. ಹೆದರಿಸುವುದು ಮುಕ್ಕಾಲು ಪಾಲು ಶಬ್ದವೇ. ಏನೂ ನಡೆಯದ ದೃಶ್ಯದ ಕೆಳಗೆ ಫ್ರಿಜ್ ಗುಂಯ್‌ಗುಡುವಂಥ ಸಣ್ಣ ಸದ್ದು ಇಟ್ಟಿರುತ್ತಾರೆ, ಅದು ಗಮನಕ್ಕೇ ಬರುವುದಿಲ್ಲ, ಎದೆ ಮಾತ್ರ ಬಿಗಿಯುತ್ತದೆ. ನಮ್ಮೂರ ಕಡೆ ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವುದನ್ನು ನೋಡಿದ್ದೀರಾ? ನಡುರಾತ್ರಿ ಚೆಂಡೆ ಏರುತ್ತಾ ಹೋಗುತ್ತದೆ, ಜನರ ಹಿಂದಿನಿಂದ ದೊಂದಿ ಬರುತ್ತದೆ, ಯಾರೋ ರಾಳ ಎರಚಿದ ಕೂಡಲೇ ಬೆಂಕಿ ಭಗ್ ಅಂತ ಎದ್ದು ಆ ಮುಖ ಕಾಣುತ್ತದೆ. ನಾನು ಅಮ್ಮನ ಸೆರಗಿನೊಳಗೆ ಕೂತು ನಡುಗಿದ್ದು ಮುಖ ಕಾಣುವುದಕ್ಕೆ ಮೊದಲೇ, ಚೆಂಡೆಗೆ. ಮರುದಿನ ರಾತ್ರಿ ಮತ್ತೆ ಹೋಗಬೇಕು ಅಂತ ಹಟ ಮಾಡಿದ್ದೂ ನಾನೇ.

ಮೈಸೂರ್‌ಮಲ್ಲಿ
ಪುತ್ತೂರಿನವರು ಹೇಳಿದ್ದಕ್ಕೆ ಒಪ್ಪಿಗೆ ಇದೆ, ಆದರೆ ಸಹನಾ, ಮೂರು ಜಾಸ್ತಿ ಆಯ್ತು. ಎರಡು ಸಾಕು. ನಡುವೆ ಹೊರಗೆ ಬಂದು ಬಿಸಿಲಲ್ಲಿ ಸುಮ್ನೆ ನಡೆಯಿರಿ, ಏನಾದರೂ ಬಿಸಿ ತಿನ್ನಿ.

'ಏನೂ ಓದದೆ ಹೋಗು' ಅಂತ ಹೇಳುವವರು ಇರುತ್ತಾರೆ. ನಾನು ಹಾಗೆ ಹೇಳಲ್ಲ. ಮಗು ಕಳೆದುಕೊಂಡ ವರ್ಷ ನಾನು ಏನೂ ಓದದೆ ಒಂದು ಸಿನಿಮಾಕ್ಕೆ ಹೋದೆ, ಇಪ್ಪತ್ತು ನಿಮಿಷಕ್ಕೆ ತೊಟ್ಟಿಲು ಬಂತು. ಎದ್ದು ಹೊರಟೆ. ಬಾಗಿಲ ಹತ್ತಿರ ನಿಂತಿದ್ದ ಹುಡುಗಿ ಏನೂ ಕೇಳಲಿಲ್ಲ, ಬಾಗಿಲು ಸದ್ದಾಗದ ಹಾಗೆ ಹಿಡಿದುಕೊಂಡಳು. ಎದ್ದು ಹೋಗುವುದು ಸೋಲಲ್ಲ. ಯಾವುದು ನಿಮಗೆ ಆಗಲ್ಲವೋ ಅದು ಕಥೆಯಲ್ಲಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಓಡಾಡುವ ದಾರಿಯ ಪಕ್ಕದ ಸೀಟೇ ಹಿಡಿಯಿರಿ.

ಮತ್ತೆ, ಮಾಂಟ್ರಿಯಲ್ ಅಲ್ವಾ, ಟಿಕೆಟ್ ತೆಗೆದುಕೊಳ್ಳುವಾಗ ಸಬ್‌ಟೈಟಲ್ ಇಂಗ್ಲಿಷಾ ಫ್ರೆಂಚಾ ನೋಡಿ.

ಪುತ್ತೂರಿನವ
ಮಲ್ಲಿ ಅಕ್ಕ, ನೀವು ಹೇಳಿದ್ದು ಸರಿ. ಓದದೆ ಹೋಗಿ ಅಂತ ನಾನೂ ತುಂಬಾ ಜನಕ್ಕೆ ಹೇಳಿದ್ದೇನೆ, ಇನ್ನು ಹೇಳಲ್ಲ.

ಸಹನಾ ಅವರೇ, ಗೀ-ಕಾಂಕಾರ್ಡಿಯಾ ಮೆಟ್ರೋದಲ್ಲಿ ಇಳಿದರೆ ಕಾಂಕಾರ್ಡಿಯಾ ಯೂನಿವರ್ಸಿಟಿಯ 'ಹಾಲ್' ಅನ್ನುವ ಹೆಸರಿನ ಕಟ್ಟಡ ಅಲ್ಲೇ, ದೊಡ್ಡ ಥಿಯೇಟರ್ ಅದರಲ್ಲಿದೆ. ರಸ್ತೆ ದಾಟಿದರೆ ದ ಸೆವ್ ಥಿಯೇಟರ್, ಅದು ಚಿಕ್ಕದು. ನಿಜವಾಗಿ ವಿಚಿತ್ರವಾದವು ನನಗೆ ಸಿಕ್ಕಿದ್ದು ಆ ಚಿಕ್ಕದರಲ್ಲೇ. ಮೊದಲ ದಿನ ದೊಡ್ಡದರಲ್ಲಿ, ಜನ ನಗುವ ಕಿರುಚುವ ಸಿನಿಮಾದಿಂದ ಶುರು ಮಾಡಿ.

ಟೊರೊಂಟೊ_ಸಹನಾ
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಲ್ಲಿ ಅಕ್ಕ, ನೀವು ಅದನ್ನು ಇಲ್ಲಿ ಹೇಳಿದ್ದು ದೊಡ್ಡದು. ಒಂಬತ್ತರಲ್ಲಿ ಮೂರು ಬಿಟ್ಟೆವು. ಉಳಿದ ಆರಕ್ಕೂ ಕಥೆ ಓದಿದೆ, ಒಂದರಲ್ಲಿ ಪೂರ್ತಿ ಒಂದೇ ಅಡುಗೆಮನೆ. ಅದನ್ನು ಇಟ್ಟುಕೊಂಡಿದ್ದೇನೆ, ಮಧ್ಯಾಹ್ನದ ಶೋ.