ಅಜ್ಜನ ಹಳೇ ಫೆಲ್ಟ್ ಹ್ಯಾಟಿನ ಮೇಲೆ ಎಣ್ಣೆ ಕಲೆ, ಬೂಷ್ಟು. ಹೇಗೆ ತೆಗೆಯೋದು?

ತೋಟದಮನೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮ ಹಳೇ ಮನೆ. ಹೋದ ತಿಂಗಳು ಅಟ್ಟ ಖಾಲಿ ಮಾಡಿಸುವಾಗ ಅಜ್ಜನ ಟ್ರಂಕು ಸಿಕ್ಕಿತು. ಒಳಗೆ ಲೆಕ್ಕದ ಪುಸ್ತಕಗಳ ಕೆಳಗೆ ಬೂದು ಬಣ್ಣದ ಒಂದು ಫೆಲ್ಟ್ ಹ್ಯಾಟು ಇತ್ತು. ಅಜ್ಜ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ತೋಟದ ದೊರೆ ತೋಟ ಮಾರಿ ತಮ್ಮ ದೇಶಕ್ಕೆ ಹೊರಟಾಗ ಇದನ್ನು ಅಜ್ಜನಿಗೆ ಕೊಟ್ಟು ಹೋದರಂತೆ. ಒಳಗಿನ ಚರ್ಮದ ಪಟ್ಟಿಯ ಮೇಲೆ ಇಂಗ್ಲೆಂಡಿನಲ್ಲಿ ತಯಾರಾದದ್ದು ಅಂತ ಚಿನ್ನದ ಬಣ್ಣದ ಅಕ್ಷರ ಇದೆ, ಕಂಪನಿ ಹೆಸರು ಪೂರ್ತಿ ಸವೆದು ಹೋಗಿದೆ.

ಅದರ ಸ್ಥಿತಿ ಹೀಗಿದೆ. ರಿಬ್ಬನ್ನಿನ ಮೇಲೆ ಸುತ್ತಲೂ ಎರಡು ಬೆರಳು ಅಗಲದ ಕಂದು ಕಲೆ, ಮುಂದೆ ಜಾಸ್ತಿ, ಹಿಂದೆ ಕಡಿಮೆ. ಅಜ್ಜ ದಿನಾ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು, ಅದೇ ಇರಬೇಕು. ಹಿಂದಿನ ಅಂಚಿನಲ್ಲಿ ಬಿಳಿ ಬೂಷ್ಟು. ಮತ್ತೆ ಮುಂದಿನ ಅಂಚಿನಲ್ಲಿ, ಹ್ಯಾಟು ತೆಗೆಯುವಾಗ ಹಿಡಿಯುತ್ತಾರಲ್ಲ ಅಲ್ಲಿ, ಹೆಬ್ಬೆರಳಿನದೊಂದು, ಪಕ್ಕದ ಬೆರಳಿನದೊಂದು ಕಪ್ಪು ಗುರುತು.

ಡಿಸೆಂಬರಿಗೆ ಅಪ್ಪನಿಗೆ 75 ತುಂಬುತ್ತದೆ. ಆ ದಿನ ಇದನ್ನು ಅವರ ಕೈಗೆ ಕೊಡಬೇಕು ಅಂತ ನನ್ನ ಆಸೆ. ಪೇಟೆಯ ಲಾಂಡ್ರಿಯಲ್ಲಿ ಕೇಳಿದರೆ "ಕೊಡಿ, ಮಿಷನ್ನಿಗೆ ಹಾಕಿಬಿಡ್ತೀವಿ" ಅಂದರು. ಹೆದರಿ ವಾಪಸ್ ತಂದೆ. ಇಂಥ ಹ್ಯಾಟು ಮನೆಯಲ್ಲೇ ಸರಿ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬಣ್ಣದಪೆಟ್ಟಿಗೆ

ಮಿಷನ್ನಿಗೆ ಹಾಕದೆ ತಂದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ನಾನು ನಾಟಕದ ತಂಡಗಳಿಗೆ ಬಟ್ಟೆ ನೋಡಿಕೊಳ್ಳುವವಳು. ಹ್ಯಾಟುಗಳ ಮೇಲೆ ಬೆವರು, ಮುಖದ ಬಣ್ಣ, ಎಣ್ಣೆ ಎಲ್ಲಾ ನೋಡಿದ್ದೇನೆ.

ಮೊದಲು ಅದು ಉಣ್ಣೆ ಫೆಲ್ಟಾ, ಮೊಲದ ಕೂದಲಿನ ಫೆಲ್ಟಾ ನೋಡಿಕೊಳ್ಳಿ. ಉಣ್ಣೆಯದು ದಪ್ಪ, ಸ್ವಲ್ಪ ಒರಟು, ಬಿರುಸು. ಮೊಲದ್ದು ತೆಳ್ಳಗಿದ್ದು ಕೈಗೆ ನಯವಾಗಿ ಸಿಗುತ್ತದೆ, ಬಗ್ಗಿಸಿದರೆ ಮೆತ್ತಗೆ ಬಗ್ಗುತ್ತದೆ. ನಿಮ್ಮದು ದೊರೆ ಹಾಕುತ್ತಿದ್ದ ಹ್ಯಾಟು ಅಂದರೆ ಮೊಲದ್ದೇ ಇರಬಹುದು.

ನೀರು ಮುಟ್ಟಿಸಬೇಡಿ. ಮೊದಲು ಬೂಷ್ಟು ತೆಗೆಯಿರಿ, ಆದರೆ ಮನೆಯೊಳಗೆ ಬೇಡ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಅಂಗಳಕ್ಕೆ ತನ್ನಿ, ಒಣ ಹವೆ ಇರುವ ದಿನ ಗಾಳಿಗೆ ಇಡಿ, ಆಮೇಲೆ ಮೆತ್ತನೆ ಬ್ರಷ್ಷಿನಿಂದ ಉಜ್ಜಿ. ಒದ್ದೆ ಬೂಷ್ಟು ಉಜ್ಜಿದರೆ ಎಳೆಯೊಳಗೆ ಮೆತ್ತಿಕೊಳ್ಳುತ್ತದೆ, ಒಣಗಿದ್ದು ಪುಡಿಯಾಗಿ ಉದುರುತ್ತದೆ. ಫೆಲ್ಟಿಗೆ ಒಂದು ದಿಕ್ಕು ಇರುತ್ತದೆ, ಮೇಲಿನಿಂದ ನೋಡಿದರೆ ಅಪ್ರದಕ್ಷಿಣವಾಗಿ ಎಳೆ ಮಲಗಿರುತ್ತದೆ. ಬ್ರಷ್ ಅದೇ ದಿಕ್ಕಿಗೆ ಹೋಗಬೇಕು. ಎದುರು ದಿಕ್ಕಿಗೆ ಉಜ್ಜಿದರೆ ಧೂಳು ಏಳುತ್ತದೆ ನಿಜ, ಆದರೆ ಕೊನೆಗೆ ಮತ್ತೆ ಸರಿ ದಿಕ್ಕಿಗೆ ಬಾಚಿ ಮಲಗಿಸಬೇಕು.

ಎಣ್ಣೆಗೆ ಕಾರ್ನ್‌ಫ್ಲೋರ್ ಸಾಕು. ಮುಲ್ತಾನಿ ಮಿಟ್ಟಿ ಎಣ್ಣೆ ಚೆನ್ನಾಗಿ ಎಳೆಯುತ್ತದೆ, ಆದರೆ ನಮ್ಮಲ್ಲಿ ಸಿಗುವುದು ಹಳದಿ ಬಣ್ಣದ್ದು, ತಿಳಿ ಬೂದು ಫೆಲ್ಟಿನ ಮೇಲೆ ಛಾಯೆ ಉಳಿದರೆ ಕಷ್ಟ. ಕಲೆಯ ಮೇಲೆ ಕಾರ್ನ್‌ಫ್ಲೋರ್ ದಪ್ಪಕ್ಕೆ ಉದುರಿಸಿ, ಬೆರಳಲ್ಲಿ ಮೆಲ್ಲಗೆ ಒತ್ತಿ, ಒಂದು ರಾತ್ರಿ ಬಿಟ್ಟು ಕೊಡವಿ. ಒಂದೇ ಸಲಕ್ಕೆ ಹೋಗಲ್ಲ, ನಾಲ್ಕೈದು ಸಲ ಮಾಡಬೇಕಾಗಬಹುದು. ಏನು ಹಾಕುವುದಿದ್ದರೂ ಮೊದಲು ಚರ್ಮದ ಪಟ್ಟಿಯ ಹಿಂದೆ, ಯಾರಿಗೂ ಕಾಣದ ಜಾಗದಲ್ಲಿ ಹಾಕಿ ನೋಡಿ.

ಕೊಡಗಿನಕಿತ್ತಳೆ

ಅಷ್ಟೆಲ್ಲಾ ಬೇಕಾ? ನಾನು ಉಣ್ಣೆ ಕೋಟಿನ ಕಾಲರಿಗೆ ಸರ್ಜಿಕಲ್ ಸ್ಪಿರಿಟ್ ಹತ್ತಿಯಲ್ಲಿ ಅದ್ದಿ ಒರೆಸುತ್ತೇನೆ, ಎಣ್ಣೆ ತಕ್ಷಣ ಬಿಡುತ್ತದೆ. ಆಮೇಲೆ ಇಡ್ಲಿ ಪಾತ್ರೆ ಹಬೆ ಹಿಡಿದರೆ ಆಕಾರವೂ ಬರುತ್ತದೆ. ನಮ್ಮ ತಂದೆಯವರ ಕೋಟು ಹಾಗೇ ಇಟ್ಟುಕೊಂಡು ಬಂದಿದ್ದೇನೆ.

ಹಳೇಬಟ್ಟೆ

ಕೊಡಗಿನಕಿತ್ತಳೆ ಅವರೇ, ಕೋಟಿಗೆ ಅದು ನಡೆಯುತ್ತದೆ. ಹ್ಯಾಟಿಗೆ ಖಂಡಿತ ಬೇಡ. ಹಳೇ ಹ್ಯಾಟುಗಳು ಬಿರುಸಾಗಿ ನಿಲ್ಲಲಿ ಅಂತ ಫೆಲ್ಟಿಗೆ ಅರಗು ಕುಡಿಸಿರುತ್ತಾರೆ. ಮರದ ಪಾಲಿಶಿಗೆ ಹಾಕುತ್ತಾರಲ್ಲ, ಅದೇ ಅರಗು. ಅದು ನೀರಿಗೆ ಸುಲಭಕ್ಕೆ ಕರಗುವುದಿಲ್ಲ, ಆದರೆ ಸ್ಪಿರಿಟ್ಟಿಗೆ ಚೆನ್ನಾಗಿ ಕರಗುತ್ತದೆ. ಒರೆಸಿದ ಜಾಗದ ಅರಗು ಕರಗಿ ಪಕ್ಕಕ್ಕೆ ಸರಿದು ಅಲ್ಲಿ ಗಟ್ಟಿ ಕಟ್ಟುತ್ತದೆ. ಒಂದು ಕಡೆ ಜೋಲು, ಇನ್ನೊಂದು ಕಡೆ ಬಿರುಸಾದ ಉಂಗುರ. ಕಲೆ ಹೋಗಿ ಅದಕ್ಕಿಂತ ಕೆಟ್ಟ ಗುರುತು ಬರುತ್ತದೆ. ಸ್ಯಾನಿಟೈಸರೂ ಅಷ್ಟೇ.

ನಾನು ಹಳೇ ಬಟ್ಟೆಗಳ ಸಂರಕ್ಷಣೆ ಕೆಲಸ ಮಾಡುತ್ತೇನೆ. ತೋಟದಮನೆ ಅವರೇ, ಇನ್ನೊಂದು ವಿಷಯ ಇಲ್ಲಿ ಯಾರೂ ಹೇಳಿಲ್ಲ, ಅದನ್ನು ದಯವಿಟ್ಟು ಗಮನದಲ್ಲಿಡಿ. ಮೊಲದ ಕೂದಲು ತಾನಾಗಿ ಚೆನ್ನಾಗಿ ಹೆಣೆದುಕೊಳ್ಳುವುದಿಲ್ಲ. ಅದಕ್ಕೆ ಹಿಂದೆಲ್ಲ ಪಾದರಸದ ನೈಟ್ರೇಟ್ ದ್ರಾವಣ ಬಳಿಯುತ್ತಿದ್ದರು. ಬಳಿದು ಒಣಗಿಸಿದ ಕೂದಲು ಕ್ಯಾರೆಟ್ ಬಣ್ಣಕ್ಕೆ ತಿರುಗುತ್ತಿತ್ತು. ಹ್ಯಾಟು ಮಾಡುವ ಕೆಲಸಗಾರರು ಆ ಆವಿ ಕುಡಿದು ಕೈ ನಡುಗುವ ಕಾಯಿಲೆಗೆ ಬೀಳುತ್ತಿದ್ದರು. ಅಮೆರಿಕದ ಡ್ಯಾನ್‌ಬರಿ ಊರಿನಲ್ಲಿ ಹ್ಯಾಟಿನ ಕಾರ್ಖಾನೆಗಳು ಎಷ್ಟಿದ್ದವು ಅಂದರೆ, ಆ ನಡುಕಕ್ಕೆ ಊರಿನ ಹೆಸರೇ ಬಿದ್ದು "ಡ್ಯಾನ್‌ಬರಿ ಶೇಕ್ಸ್" ಅಂತಿದ್ದರು. ಅಲ್ಲಿ 1941ರಲ್ಲಿ ಪಾದರಸ ಬಳಸುವುದನ್ನು ನಿಲ್ಲಿಸಿದರು. ಇಂಗ್ಲೆಂಡಿನ ಹಳೇ ಹ್ಯಾಟಿನಲ್ಲೂ ಪಾದರಸದ ಅಂಶ ಉಳಿದಿರಬಹುದು.

ಇದಕ್ಕೆ ಗಾಬರಿ ಬೇಡ. ಆದರೆ ಕೈಗವಸು ಹಾಕಿಕೊಳ್ಳಿ, ಬ್ರಷ್ ಮಾಡುವುದೆಲ್ಲ ಬಯಲಲ್ಲೇ ಆಗಲಿ, ಆ ಬ್ರಷ್ ಬೇರೆ ಯಾವುದಕ್ಕೂ ಬಳಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಬಿಸಿ ಹಬೆ ಬೇಡ ಅಂತ ನಾನು ಹೇಳುವುದಕ್ಕೂ ಇದೇ ಮುಖ್ಯ ಕಾರಣ. ಹ್ಯಾಟು ರಿಪೇರಿ ಮಾಡುವವರು ಹಬೆ ಹಿಡಿಯುತ್ತಾರೆ, ಹೊಸ ಹ್ಯಾಟಿಗೆ ಸರಿ. ಅಡುಗೆಮನೆಯಲ್ಲಿ, ಇಷ್ಟು ಹಳೇ ಹ್ಯಾಟಿಗೆ ಬೇಡ. ದಿನಾ ಹಾಕಿಕೊಂಡು ಓಡಾಡುವುದೂ ಬೇಡ, ಫೋಟೋಗೆ ಒಂದು ಸಲ ಹಾಕಿದರೆ ಅಡ್ಡಿಯಿಲ್ಲ.

ನುಸಿ ತಿಂದ ಸಣ್ಣ ತೂತು, ಮರಳಿನಂಥ ಹಿಕ್ಕೆ ಕಂಡರೆ ಹೇಳಿ. ಆಗ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಬೇಕು. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಫೆಲ್ಟಿನ ಮೇಲೆ ನೀರು ಕೂರುತ್ತದೆ.

ಚಳ್ಳಕೆರೆಕಂಬಳಿ

ನೀರು ಯಾಕೆ ಬೇಡ ಅಂತ ನಾನು ಹೇಳ್ತೀನಿ. ನಮ್ಮದು ಕಂಬಳಿ ನೇಯುವ ಮನೆ. ಉಣ್ಣೆಯ ಎಳೆ ಮೇಲೆ ಮೀನಿನ ಪೊರೆ ಥರ ಸಣ್ಣ ಪೊರೆಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜುವಿಕೆ, ಮೂರೂ ಸೇರಿದರೆ ಪೊರೆ ಬಿಚ್ಚಿಕೊಂಡು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಮತ್ತೆ ಬಿಡಿಸಲಿಕ್ಕೆ ಬರಲ್ಲ. ಫೆಲ್ಟ್ ಆಗುವುದೇ ಹಾಗೆ. ಈಗಾಗಲೇ ಕಚ್ಚಿಕೊಂಡ ಬಟ್ಟೆಯನ್ನು ಮತ್ತೆ ಮಿಷನ್ನಿಗೆ ಹಾಕಿದರೆ ಇನ್ನೂ ಕಚ್ಚಿಕೊಂಡು ಕುಗ್ಗುತ್ತದೆ ಅಷ್ಟೇ. ನಾವು ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುತ್ತೇವೆ, ಬಿರುಸು ಬರಲಿ ಅಂತ. ಅವರ ಹ್ಯಾಟಿಗೆ ಅರಗು, ನಮ್ಮ ಕಂಬಳಿಗೆ ಗಂಜಿ. ಎರಡರದ್ದೂ ಕೆಲಸ ಒಂದೇ, ಕಳೆದರೆ ಬಟ್ಟೆ ಸತ್ತಂತೆ ಮಲಗುತ್ತದೆ.

ಅಕ್ಕಾ, ಇನ್ನೊಂದು ಮಾತು. ನಿಮ್ಮ ಕಡೆ ಚಳಿ ಜಾಸ್ತಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ, ಡಬ್ಬಿಯಲ್ಲಿ ನೋಡಿರ್ತೀರಿ. ಎಳೆಯೊಳಗೂ ಹಾಗೇ ಗಟ್ಟಿಯಾಗಿ ಕೂತಿರುತ್ತದೆ. ರಾತ್ರಿ ಹೊತ್ತು ಹಿಟ್ಟು ಹಾಕಿಟ್ಟರೆ ಅದು ಏನನ್ನು ಹೀರಬೇಕು? ಮಧ್ಯಾಹ್ನ ಹಾಕಿ, ಬಿಸಿಲು ತಾಗಿದ ಜಗುಲಿಯಲ್ಲಿ, ನೇರ ಬಿಸಿಲಲ್ಲಿ ಬೇಡ, ನೆರಳಿನಲ್ಲಿ ಬೆಚ್ಚಗೆ ಇರುವ ಕಡೆ ಇಡಿ. ಎಣ್ಣೆ ಕರಗಿ ಹಿಟ್ಟಿಗೆ ಬರುತ್ತದೆ.

ಬಣ್ಣದಪೆಟ್ಟಿಗೆ

ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವ ವಿಷಯ ನನಗೆ ಹೊಳೆದೇ ಇರಲಿಲ್ಲ, ಇಲ್ಲಿ ಬೆಂಗಳೂರಿನಲ್ಲಿ ಚಳಿಗಾಲದಲ್ಲಿ ನನ್ನ ಹಿಟ್ಟು ಯಾಕೆ ಕೆಲಸ ಮಾಡಲ್ಲ ಅಂತ ಈಗ ಗೊತ್ತಾಯಿತು. ಅಣ್ಣಾ, ಥ್ಯಾಂಕ್ಸ್.

ತೋಟದಮನೆ ಅವರೇ, ಚರ್ಮದ ಪಟ್ಟಿಯನ್ನು ಹೊರಕ್ಕೆ ಮಡಚಿ ಒಳಗಿನಿಂದಲೂ ಹಿಟ್ಟು ಹಾಕಿ. ಎಣ್ಣೆ ಬಂದಿದ್ದು ಒಳಗಿನಿಂದ, ಹೊರಗೆ ಕಾಣುವುದು ಅದರ ಕೊನೆ ಮಾತ್ರ. ಹೊರಗೆ ಮಾತ್ರ ತೆಗೆದರೆ ಬೇಸಿಗೆಗೆ ಮತ್ತೆ ಬರುತ್ತದೆ. ಚರ್ಮ ಒಣಗಿ ಬಿರುಕು ಬಿಟ್ಟಿದ್ದರೆ ಎಳೆಯಬೇಡಿ, ಎಷ್ಟು ಬಗ್ಗುತ್ತದೋ ಅಷ್ಟೇ.

ತೋಟದಮನೆ

ಎಲ್ಲರಿಗೂ ತುಂಬಾ ಉಪಕಾರ. ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ವಾ.

ನುಸಿ ಇರಲಿಲ್ಲ. ಬೂಷ್ಟು ಎರಡು ದಿನದಲ್ಲಿ ಹೋಯಿತು, ಅಂಗಳದಲ್ಲಿ ಮಾಸ್ಕ್, ಕೈಗವಸು ಹಾಕಿಕೊಂಡೇ ಮಾಡಿದೆ. ಕೆಳಗೆ ಸ್ವಲ್ಪ ತೆಳು ಕಲೆ ಇದೆ, ಗೊತ್ತಿದ್ದು ನೋಡಿದರೆ ಮಾತ್ರ ಕಾಣುತ್ತದೆ. ಎಣ್ಣೆಗೆ ಮೊದಲ ಎರಡು ಸಲ ರಾತ್ರಿ ಹಾಕಿಟ್ಟೆ, ಹಿಟ್ಟು ಬೆಳ್ಳಗೆ ಹಾಕಿದ್ದು ಬೆಳಗ್ಗೆಯೂ ಬೆಳ್ಳಗೇ ಇತ್ತು. ಆಮೇಲೆ ಚಳ್ಳಕೆರೆಯ ಅಣ್ಣ ಹೇಳಿದ ಹಾಗೆ ಮಧ್ಯಾಹ್ನ ಕಾಫಿ ಒಣಗಿಸುವ ಕಣದ ಪಕ್ಕದ ಜಗುಲಿಯಲ್ಲಿಟ್ಟೆ. ಸಂಜೆ ನೋಡಿದರೆ ಹಿಟ್ಟು ಕಂದು ಬಣ್ಣಕ್ಕೆ ತಿರುಗಿ ಗಂಟುಗಂಟಾಗಿತ್ತು! ಹಾಗೆ ಆರು ಮಧ್ಯಾಹ್ನ ಮಾಡಿದೆ. ಕೊನೆ ಸಲ ಹಿಟ್ಟು ಬಣ್ಣ ತಿರುಗಲಿಲ್ಲ, ಅಲ್ಲಿಗೆ ನಿಲ್ಲಿಸಿದೆ. ಕಲೆ ಮುಕ್ಕಾಲು ಪಾಲು ಹೋಗಿದೆ.

ಚರ್ಮದ ಪಟ್ಟಿ ಮಡಚಿದಾಗ ಒಂದು ವಿಷಯ ಸಿಕ್ಕಿತು. ಹಣೆಯ ಕಡೆ, ಪಟ್ಟಿಯ ಹಿಂದೆ, ಮಡಚಿದ ಕಾಗದ. ದೊರೆಯ ತಲೆ ಅಜ್ಜನದಕ್ಕಿಂತ ದೊಡ್ಡದಿತ್ತೇನೋ, ಹ್ಯಾಟು ಸಡಿಲ ಆಗದಿರಲಿ ಅಂತ ಅಜ್ಜ ತುರುಕಿದ್ದು. ಬಿಚ್ಚಿದರೆ ಅದು ತೋಟದ ಚೆಕ್‌ರೋಲಿನ, ಅಂದರೆ ಆಳುಗಳ ಹಾಜರಿ ಪುಸ್ತಕದ, ಹಾಳೆ. ಎಣ್ಣೆ ಕುಡಿದು ಗಾಜಿನ ಥರ ಪಾರದರ್ಶಕ ಆಗಿದೆ, ಆದರೂ ಆಳುಗಳ ಹೆಸರು, ದಿನಕ್ಕೊಂದು ಗೆರೆ, ಕೊನೆಗೆ ಒಟ್ಟು ಕೂಡಿದ ಲೆಕ್ಕ, ಎಲ್ಲಾ ಅಜ್ಜನ ಅಕ್ಷರ. ಮುಂದೆ ಕಲೆ ಜಾಸ್ತಿ ಇದ್ದದ್ದು ಇದಕ್ಕೇ ಇರಬೇಕು, ಕಾಗದ ಎಣ್ಣೆ ಹಿಡಿದಿಟ್ಟುಕೊಂಡು ಫೆಲ್ಟಿಗೆ ಕೊಡುತ್ತಾ ಇತ್ತು.

ಈಗ ಎರಡು ಪ್ರಶ್ನೆ. ಆ ಕಾಗದವನ್ನು ಅದೇ ಜಾಗದಲ್ಲಿ ವಾಪಸ್ ಇಡಬಹುದಾ? ಮುಂದಿನ ಬೆರಳಿನ ಗುರುತು ಹೋಗಿಲ್ಲ, 400 ನಂಬರಿನ ಉಪ್ಪುಕಾಗದದಲ್ಲಿ ಮೆಲ್ಲಗೆ ತಿಕ್ಕಿದರೆ ಹೋಗುತ್ತದೆ ಅಂತ ಒಬ್ಬರು ಹೇಳಿದರು. ಮಾಡಲಾ?

ಹಳೇಬಟ್ಟೆ

ಕಾಗದ ವಾಪಸ್ ಇಡಬೇಡಿ, ಉಳಿದ ಎಣ್ಣೆ ಮತ್ತೆ ಫೆಲ್ಟಿಗೆ ಇಳಿಯುತ್ತದೆ. ಚಪ್ಪಟೆ ಮಾಡಿ, ಎರಡೂ ಕಡೆ ಬಟರ್ ಪೇಪರ್ ಇಟ್ಟು, ಬೇರೆ ಲಕೋಟೆಯಲ್ಲಿ ಹಾಕಿ. ಅದಕ್ಕಿಂತ ಮೊದಲು ಬೆಳಕಿಗೆ ಹಿಡಿದು ಒಳ್ಳೇ ಫೋಟೋ ತೆಗೆದುಕೊಳ್ಳಿ. ಯಾವ ಜಾಗದಲ್ಲಿ ಸಿಕ್ಕಿತು ಅಂತ ಲಕೋಟೆ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ.

ಉಪ್ಪುಕಾಗದ ಕಲೆಯನ್ನು ತೆಗೆಯುವುದಿಲ್ಲ, ಕಲೆಯಾದ ಎಳೆಯನ್ನೇ ಕಿತ್ತು ತೆಗೆಯುತ್ತದೆ. ಅಜ್ಜ ದಿನಾ ಹಿಡಿದು ಹಿಡಿದು ಅಲ್ಲಿ ಫೆಲ್ಟ್ ಈಗಲೇ ತೆಳ್ಳಗಾಗಿರುತ್ತದೆ, ಬೆಳಕಿಗೆ ಹಿಡಿದು ನೋಡಿ. ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ.

ಇಡುವಾಗ ಅಂಚಿನ ಮೇಲೆ ಕೂರಿಸಬೇಡಿ, ನೆತ್ತಿ ಕೆಳಗೆ ಬರುವ ಹಾಗೆ ಮಗುಚಿ ಇಡಿ. ಇಲ್ಲದಿದ್ದರೆ ಅಂಚು ಚಪ್ಪಟೆಯಾಗುತ್ತದೆ. ಮಳೆಗಾಲದಲ್ಲಿ ಟ್ರಂಕು ಬೇಡ, ಗಾಳಿಯಾಡುವ ರಟ್ಟಿನ ಪೆಟ್ಟಿಗೆ ಇರಲಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಮ್ಮೆ ತೆಗೆದು ನೋಡಿ.

ತೋಟದಮನೆ

ಬೆಳಕಿಗೆ ಹಿಡಿದೆ. ಹೌದು, ಹೆಬ್ಬೆರಳಿನ ಜಾಗದಲ್ಲಿ ಫೆಲ್ಟ್ ಎಷ್ಟು ತೆಳು ಅಂದರೆ ಬೆಳಕು ಕಾಣುತ್ತದೆ. ಉಪ್ಪುಕಾಗದ ವಾಪಸ್ ಇಟ್ಟೆ. ಲಕೋಟೆಯೂ ಮಾಡಿದೆ, ಹ್ಯಾಟಿನ ಜೊತೆಗೆ ಅದನ್ನೂ ಅಪ್ಪನಿಗೆ ಕೊಡುತ್ತೇನೆ. ಅವರು ಆ ಹಾಳೆಯ ಹೆಸರುಗಳಲ್ಲಿ ಕೆಲವರನ್ನಾದರೂ ಗುರುತು ಹಿಡಿಯುತ್ತಾರೆ.