ಉಳಿದ ಮಾತ್ರೆಗಳನ್ನು ಎಸೆಯಬೇಡಿ, ಭಾನುವಾರ ತನ್ನಿ: ತುಮಕೂರಿನ ನಮ್ಮ ಬಡಾವಣೆ ಗುಂಪಿನ ಚರ್ಚೆ

ಮಂಜುನಾಥ (ಸಂಘದ ಕಾರ್ಯದರ್ಶಿ):
ಎಲ್ಲರಿಗೂ ನಮಸ್ಕಾರ. ನಾಲ್ಕನೇ ಕ್ರಾಸಿನ ಖಾಲಿ ಸೈಟಿನಲ್ಲಿ ಯಾರೋ ಒಂದು ಕವರ್ ತುಂಬ ಮಾತ್ರೆ ಎಸೆದು ಹೋಗಿದ್ದಾರೆ. ನಾಯಿಗಳು ಕವರ್ ಹರಿದು ಎಲ್ಲಾ ಚೆಲ್ಲಾಡಿವೆ. ಪಕ್ಕದಲ್ಲೇ ಮಕ್ಕಳು ಆಡುತ್ತಾರೆ. ಗುಡಿಸಲು ಬಂದ ಪೌರಕಾರ್ಮಿಕ ಅಕ್ಕ ನನ್ನನ್ನು ಕರೆದು ತೋರಿಸಿದರು. ಎಸೆದವರು ಯಾರು ಅಂತ ಹುಡುಕುವುದು ಬೇಡ. ನನಗೆ ಸಂಕಟ ಆಗಿದ್ದು ಬೇರೆ ಕಾರಣಕ್ಕೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟ್ರಿಪ್‌ಗಳನ್ನು ಮುಟ್ಟಿಯೇ ಇಲ್ಲ. ಬಿಪಿ ಮಾತ್ರೆ, ಶುಗರ್ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ. ಡೇಟ್ ಮುಂದಿನ ವರ್ಷದವರೆಗೂ ಇದೆ. ನಮ್ಮ ರಸ್ತೆಗೆ ಹೂವು ತರುವ ಅಜ್ಜಿ ತಿಂಗಳ ಕೊನೆಯಲ್ಲಿ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾರೆ. ದುಡ್ಡು ಬರುವ ತನಕ ಎಳೆಯಬೇಕಲ್ಲ ಅಂತ.

ಎರಡು ತಿಂಗಳ ಹಿಂದೆ ನಾವು ಮಾತ್ರೆ ಸಂಗ್ರಹ ಮಾಡಿದಾಗ ಬಂದದ್ದು ನಾಲ್ಕೈದು ಮನೆಯವರು ಮಾತ್ರ. ಈ ಭಾನುವಾರ ಇನ್ನೊಮ್ಮೆ ಮಾಡೋಣ ಅಂತ ಇದ್ದೇವೆ. ಪ್ರತಿ ಮನೆಯವರೂ ಒಮ್ಮೆ ಫ್ರಿಜ್ ಮೇಲಿನ ಡಬ್ಬಿ, ಬೀರುವಿನ ಡ್ರಾಯರ್ ನೋಡಿ.

ಸವಿತಾ (2ನೇ ಕ್ರಾಸ್):
ಮಂಜಣ್ಣ, ಹೋದ ಸಲ ನಾನು ತರಲಿಲ್ಲ. ಏನು ತರಬಹುದು, ಏನು ತರಬಾರದು ಅಂತ ಗೊತ್ತಾಗಲಿಲ್ಲ. ಅರ್ಧ ಖಾಲಿಯಾದ ಸಿರಪ್ ತಂದರೆ ಏನಂದುಕೊಳ್ಳುತ್ತಾರೋ ಅಂತ ಸುಮ್ನೆ ಇದ್ದುಬಿಟ್ಟೆ.

ಇರ್ಫಾನ್ (5ನೇ ಕ್ರಾಸ್):
ಇದಕ್ಕೆ ಭಾನುವಾರದವರೆಗೆ ಯಾಕೆ ಕಾಯಬೇಕು? ಗ್ರೂಪಿನಲ್ಲೇ ಫೋಟೋ ಹಾಕಿದರೆ ಬೇಕಾದವರು ತಗೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಆಂಟಿಬಯೋಟಿಕ್ ಆರು ಮಾತ್ರೆ ಉಳಿದಿದೆ. ಪಕ್ಕದ ಮನೆ ಹುಡುಗನಿಗೆ ಈಗ ಜ್ವರ, ಗಂಟಲು ನೋವು.

ಚಂದ್ರಣ್ಣ (ನಿವೃತ್ತ ಫಾರ್ಮಸಿಸ್ಟ್):
ಇರ್ಫಾನ್, ಆ ಮಾತ್ರೆ ಪಕ್ಕದ ಮನೆಗೆ ಕೊಡಬೇಡಪ್ಪ. ಗಂಟಲು ನೋವು ಬಹಳ ಸಲ ವೈರಸ್‌ನಿಂದ ಬರುತ್ತದೆ, ಅದಕ್ಕೆ ಆಂಟಿಬಯೋಟಿಕ್ ಕೆಲಸಕ್ಕೆ ಬಾರದು. ಆ ಹುಡುಗನಿಗೆ ಪೆನಿಸಿಲಿನ್ ಅಲರ್ಜಿ ಇದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಸ್ಟ್ರಿಪ್ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ, ನೋಡು. ಡಾಕ್ಟರ್ ಚೀಟಿ ಇಲ್ಲದೆ ತಗೊಳ್ಳಬಾರದು ಅನ್ನುವುದಕ್ಕೇ ಆ ಗೆರೆ. ಇನ್ನೊಂದು ಮಾತು. ಡಾಕ್ಟರ್ ಬರೆದಷ್ಟು ದಿನ ನುಂಗಿದ್ದರೆ ಆರು ಉಳಿಯುತ್ತಿತ್ತಾ? ಬೈಯುತ್ತಿಲ್ಲ. ಮುಂದಿನ ಸಲ ಪೂರ್ತಿ ನುಂಗು, ಅಷ್ಟೇ.

ಗ್ರೂಪಿನಲ್ಲಿ ಹಂಚುವುದಕ್ಕೆ ಕಾನೂನೂ ಒಪ್ಪುವುದಿಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ ಮಾರುವುದಕ್ಕೆ ಮಾತ್ರವಲ್ಲ, ಹಂಚುವುದಕ್ಕೂ ಲೈಸೆನ್ಸ್ ಬೇಕು ಅಂತ ಇದೆ. ಅದಕ್ಕೇ ನಾವು ಯಾರ ಕೈಗೂ ನೇರವಾಗಿ ಕೊಡುವುದಿಲ್ಲ. ನಾನು ಮಾತಾಡಿರುವುದು ಊರೊಳಗಿನ ಒಂದು ಉಚಿತ ಚಿಕಿತ್ಸಾಲಯದವರ ಹತ್ತಿರ. ಅಲ್ಲಿ ಡಾಕ್ಟರ್ ಇದ್ದಾರೆ, ಫಾರ್ಮಸಿಸ್ಟ್ ಇದ್ದಾರೆ. ಅವರು ಒಂದೊಂದು ಸ್ಟ್ರಿಪ್ ನೋಡಿ ಒಳ್ಳೆಯದನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಡಾಕ್ಟರ್ ಪರೀಕ್ಷೆ ಮಾಡಿ ಚೀಟಿ ಬರೆದ ಮೇಲೆಯೇ ಅದು ರೋಗಿಗೆ ಹೋಗುತ್ತದೆ. ಹೂವಿನ ಅಜ್ಜಿಯನ್ನೂ ಅಲ್ಲಿಗೇ ಕಳಿಸಿ ಮಂಜುನಾಥ್. ನಿಮ್ಮ ಮನೆ ಮಾತ್ರೆ ಅವರ ಮಾತ್ರೆಯೇ ಆಗಿರಬೇಕು ಅಂತಿಲ್ಲ.

ಇರ್ಫಾನ್ (5ನೇ ಕ್ರಾಸ್):
ಸರಿ ಸರ್. ಹುಡುಗನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲು ಹೇಳುತ್ತೇನೆ.

ಚಂದ್ರಣ್ಣ (ನಿವೃತ್ತ ಫಾರ್ಮಸಿಸ್ಟ್):
ಸವಿತಮ್ಮ, ನೀವು ಕೇಳಿದ್ದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್ಲರೂ ಓದಿ.

ಬಾಯಿ ಒಡೆದ ಸಿರಪ್, ಕಣ್ಣಿನ ಹನಿ, ಮುಲಾಮು ಯಾವುದೂ ಬೇಡ. ಕಣ್ಣಿನ ಹನಿ ಒಡೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳಷ್ಟೇ. ಇನ್ಸುಲಿನ್ ಕೂಡ ಬೇಡ. ಅದು 2ರಿಂದ 8 ಡಿಗ್ರಿ ತಂಪಿನಲ್ಲೇ ಇತ್ತು ಅಂತ ಯಾರೂ ಎದೆ ತಟ್ಟಿ ಹೇಳಲು ಆಗುವುದಿಲ್ಲ, ಅದರಲ್ಲೂ ನಮ್ಮ ಕಡೆ ಕರೆಂಟ್ ಹೋಗುವ ಲೆಕ್ಕದಲ್ಲಿ. ಮಾತ್ರೆ ಮತ್ತು ಕ್ಯಾಪ್ಸೂಲ್ ಬರಲಿ, ಆದರೆ ಸ್ಟ್ರಿಪ್ ಒಳಗೇ ಇರಬೇಕು. ಬಿಡಿ ಮಾತ್ರೆ ಪೊಟ್ಟಣ ಕಟ್ಟಿ ತಂದರೆ ಅದು ಏನು ಅಂತ ನನಗೂ ಹೇಳಲು ಬರುವುದಿಲ್ಲ. ಡೇಟ್ ಮುಗಿಯಲು ಕನಿಷ್ಠ ಆರು ತಿಂಗಳು ಬಾಕಿ ಇರಲಿ.

ಸ್ಟ್ರಿಪ್‌ನಲ್ಲಿ ನಾಲ್ಕು ಮಾತ್ರೆ ಖಾಲಿ ಆಗಿದ್ದರೂ ಪರವಾಗಿಲ್ಲ, ಹೆಸರು, ಬ್ಯಾಚ್ ನಂಬರ್, ಡೇಟ್ ಕಾಣುತ್ತಿದ್ದರೆ ಸಾಕು. ನಮ್ಮಲ್ಲಿ ಆಗುವ ತೊಂದರೆ ಇಲ್ಲೇ. ಅಂಗಡಿಯಲ್ಲೂ ಮನೆಯಲ್ಲೂ ಕತ್ತರಿಯಿಂದ ಕತ್ತರಿಸುವಾಗ ಡೇಟ್ ಇರುವ ತುದಿಯೇ ಮೊದಲು ಹೋಗಿಬಿಡುತ್ತದೆ. ಇನ್ನು ಮೇಲೆ ಡೇಟ್ ಇಲ್ಲದ ಕಡೆಯಿಂದ ಕತ್ತರಿಸಿ. ಕಿಟಕಿ ಬಿಸಿಲಿಗೆ, ಗ್ಯಾಸ್ ಒಲೆ ಪಕ್ಕ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದ ಮಾತ್ರೆಯನ್ನು ದಯವಿಟ್ಟು ಒಳ್ಳೆಯದರ ಜೊತೆ ಸೇರಿಸಬೇಡಿ. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ, ಅದೇ ಅಪಾಯ.

ಡಾ. ಶೈಲಜಾ (1ನೇ ಕ್ರಾಸ್):
ಚಂದ್ರಣ್ಣ ಸರ್, ಒಂದು ಅನುಮಾನ. ರೋಗಿಗೆ ಒಮ್ಮೆ ಕೊಟ್ಟು ವಾಪಸ್ ಬಂದ ಔಷಧವನ್ನು ದಾನ ಮಾಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇದೆ ಅಲ್ವಾ? ಉತ್ಸಾಹಕ್ಕೆ ತಣ್ಣೀರು ಹಾಕಲು ಹೇಳುತ್ತಿಲ್ಲ, ಇದಕ್ಕೆ ಉತ್ತರ ನಮ್ಮ ಹತ್ತಿರ ಇರಬೇಕು.

ಚಂದ್ರಣ್ಣ (ನಿವೃತ್ತ ಫಾರ್ಮಸಿಸ್ಟ್):
ಒಳ್ಳೆಯ ಪ್ರಶ್ನೆ ಡಾಕ್ಟರೇ. ಆ ಮಾರ್ಗಸೂಚಿ 1996ರಲ್ಲಿ ಬಂತು. ಭೂಕಂಪ, ಯುದ್ಧ ಆದ ದೇಶಗಳಿಗೆ ಜನ ಸಿಕ್ಕಸಿಕ್ಕ ಔಷಧ ಕಳಿಸುತ್ತಿದ್ದರು. 1988ರ ಅರ್ಮೇನಿಯಾ ಭೂಕಂಪದ ನಂತರ ಸುಮಾರು 5,000 ಟನ್ ಔಷಧ ಮತ್ತು ಸಾಮಗ್ರಿ ಬಂದು ಬಿತ್ತು. ಅದರಲ್ಲಿ ಏನಿದೆ ಅಂತ ವಿಂಗಡಿಸಲು 50 ಜನಕ್ಕೆ ಆರು ತಿಂಗಳು ಬೇಕಾಯಿತು. ಮೊದಲೇ ನೆಲಕಚ್ಚಿದ ಜನರ ಮೇಲೆ ಇನ್ನೊಂದು ಹೊರೆ. ಆ ನಿಯಮ ನಮ್ಮಂಥ ಬಡಾವಣೆಗಾಗಿ ಮಾಡಿದ್ದಲ್ಲ, ಆದರೆ ಅದರ ಹಿಂದಿನ ಭಯ ನಿಜವಾದದ್ದೇ. ಮನೆಯಲ್ಲಿ ಹೇಗೆ ಇಟ್ಟಿದ್ದರು ಅಂತ ಯಾರಿಗೆ ಗೊತ್ತು? ಅದಕ್ಕೇ ಅನುಮಾನ ಬಂದ ಸ್ಟ್ರಿಪ್ ಪಕ್ಕಕ್ಕೆ ಹೋಗಬೇಕು, ಎಷ್ಟೇ ದುಬಾರಿ ಆಗಿದ್ದರೂ ಸರಿ. ಭಾನುವಾರ ನೀವೂ ಬಂದು ನನ್ನ ಪಕ್ಕ ಕೂತರೆ ನನಗೆ ಧೈರ್ಯ.

ಡಾ. ಶೈಲಜಾ (1ನೇ ಕ್ರಾಸ್):
ಖಂಡಿತ ಬರುತ್ತೇನೆ ಸರ್.

ವಿಮಲಾ (3ನೇ ಕ್ರಾಸ್):
ನನ್ನ ಮಗಳು ಅಮೆರಿಕದ ಅಯೋವಾದಲ್ಲಿದ್ದಾಳೆ. ಅಲ್ಲಿ 2007ರಿಂದ ರಾಜ್ಯದ ಬೆಂಬಲದಲ್ಲಿ ಇದೇ ಕೆಲಸ ನಡೆಯುತ್ತಿದೆಯಂತೆ. ಸೇಫ್‌ನೆಟ್‌ಆರ್‌ಎಕ್ಸ್ ಅಂತ ಹೆಸರು. ಸೀಲ್ ಒಡೆಯದ ಔಷಧವನ್ನು ಫಾರ್ಮಸಿಸ್ಟ್ ನೋಡಿ, ಆಮೇಲೆ ಬಡವರಿಗೆ ಮತ್ತು ಇನ್ಶೂರೆನ್ಸ್ ಇಲ್ಲದವರಿಗೆ ಕೊಡುತ್ತಾರೆ. ಅಲ್ಲಿ ಬಹಳ ಮನೆಗಳಲ್ಲಿ ಮಾತ್ರೆ ಬರುವುದು ಬಾಟಲಿಯಲ್ಲಿ, ಬಿಡಿಬಿಡಿಯಾಗಿ. ಒಮ್ಮೆ ಮುಚ್ಚಳ ತೆಗೆದರೆ ಮುಗಿಯಿತು, ಅದು ದಾನಕ್ಕೆ ಬರುವುದಿಲ್ಲ. ಅದಕ್ಕೆ ವೃದ್ಧರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಂಗಳಿಂದ ಜಾಸ್ತಿ ಸಿಗುತ್ತದಂತೆ, ಅಲ್ಲಿ ಒಂದೊಂದು ಮಾತ್ರೆಯೂ ಬೇರೆ ಬೇರೆ ಸೀಲ್ ಆಗಿರುತ್ತದೆ. ನಮ್ಮಲ್ಲಿ ಪ್ರತಿ ಮನೆಗೂ ಬರುವುದೇ ಸ್ಟ್ರಿಪ್. ಹತ್ತು ಮಾತ್ರೆಯಲ್ಲಿ ಮೂರು ನುಂಗಿದರೂ ಉಳಿದ ಏಳು ಸೀಲ್ ಆಗಿಯೇ ಇರುತ್ತದೆ. ನಮಗೆ ಅವರಿಗಿಂತ ಸುಲಭ ಅಲ್ವಾ?

ಚಂದ್ರಣ್ಣ (ನಿವೃತ್ತ ಫಾರ್ಮಸಿಸ್ಟ್):
ವಿಮಲಮ್ಮ, ಲಕ್ಷಕ್ಕೊಂದು ಮಾತು. ಡೇಟ್ ಮುಗಿಯಲು ಆರು ತಿಂಗಳು ಬಾಕಿ ಇರಬೇಕು ಅನ್ನುವ ಲೆಕ್ಕವೂ ಅಲ್ಲಿಯದ್ದೇ.

ಗಿರೀಶ್ (4ನೇ ಕ್ರಾಸ್):
ನಮ್ಮ ದೇಶದಲ್ಲೂ ಮಾಡಿದವರಿದ್ದಾರೆ. ದೆಹಲಿಯ ಓಂಕಾರನಾಥ ಶರ್ಮಾ ಅವರನ್ನು ಜನ ಮೆಡಿಸಿನ್ ಬಾಬಾ ಅಂತಲೇ ಕರೆಯುತ್ತಾರೆ. 2008ರಲ್ಲಿ ಲಕ್ಷ್ಮೀನಗರದ ಹತ್ತಿರ ಕಟ್ಟುತ್ತಿದ್ದ ಮೆಟ್ರೋ ಸೇತುವೆ ಕುಸಿಯಿತು. ಏಟು ತಿಂದ ಬಡವರಿಗೆ ಔಷಧ ಸಿಗದೆ ಒದ್ದಾಡಿದ್ದನ್ನು ನೋಡಿ, ಮನೆ ಮನೆಗೆ ನಡೆದು ಉಳಿದ ಔಷಧ ಕೇಳಲು ಶುರು ಮಾಡಿದರು. ಆಗಲೇ ರಕ್ತನಿಧಿ ಕೆಲಸದಿಂದ ನಿವೃತ್ತರಾಗಿದ್ದವರು. ಅವರ ಊರಿನಲ್ಲಿ ಒಬ್ಬರೇ ನಡೆದರು. ನಮ್ಮಲ್ಲಿ ಒಂದೊಂದು ಕ್ರಾಸಿಗೆ ಇಬ್ಬರು ಹೊರಟರೆ ಒಂದು ಸಂಜೆಗೆ ಎಲ್ಲ ಮನೆ ಮುಗಿಯುತ್ತದೆ. ನಾಲ್ಕನೇ ಕ್ರಾಸಿಗೆ ನಾನು ಬರುತ್ತೇನೆ.

ಲತಾ (6ನೇ ಕ್ರಾಸ್):
ಹೋದ ಸಲ ಜನ ಯಾಕೆ ಬರಲಿಲ್ಲ ಅಂತ ಯಾರೂ ಹೇಳುತ್ತಿಲ್ಲ. ನಾನೇ ಹೇಳುತ್ತೇನೆ. ಗುಡಿ ಮುಂದೆ ಮೇಜು ಹಾಕಿ, ಎಲ್ಲರ ಎದುರು ಕವರ್ ಬಿಚ್ಚಿ ಹೆಸರು ಓದುತ್ತಿದ್ದರು. ನಿದ್ದೆ ಮಾತ್ರೆ, ಮನಸ್ಸಿನ ಕಾಯಿಲೆ ಮಾತ್ರೆ, ಮಕ್ಕಳಾಗಲಿ ಅಂತ ತಗೊಂಡ ಮಾತ್ರೆ, ಇವೆಲ್ಲ ಯಾರ ಮನೆಯದ್ದು ಅಂತ ಸಂಜೆಯೊಳಗೆ ಬಡಾವಣೆಗೆಲ್ಲ ಗೊತ್ತಾಗುತ್ತದೆ. ಯಾರು ತರುತ್ತಾರೆ ಹೇಳಿ? ನನ್ನ ಮನೆಯಲ್ಲೂ ಅಂಥದ್ದು ಇದೆ. ಅದಕ್ಕೇ ನಾನು ಬರಲಿಲ್ಲ.

ಮಂಜುನಾಥ (ಸಂಘದ ಕಾರ್ಯದರ್ಶಿ):
ಲತಕ್ಕ, ನೀವು ಹೇಳಿದ್ದು ಒಳ್ಳೆಯದಾಯಿತು. ಈ ಸಲ ಪ್ರತಿ ಮನೆಗೂ ಮುಂಚೆಯೇ ಒಂದು ಕಂದು ಕವರ್ ಕೊಡುತ್ತೇವೆ. ಮನೆಯಲ್ಲೇ ತುಂಬಿ ಅಂಟಿಸಿ ತನ್ನಿ. ಹೆಸರು, ಮನೆ ನಂಬರ್ ಏನೂ ಬರೆಯಬೇಡಿ. ಡಾಕ್ಟರ್ ಚೀಟಿ ಒಳಗೆ ಇಡಬೇಡಿ, ಡಬ್ಬಿ ಮೇಲೆ ರೋಗಿಯ ಹೆಸರಿದ್ದರೆ ಹರಿದುಹಾಕಿ. ಕವರುಗಳು ಮುಚ್ಚಿದ ಡಬ್ಬದಲ್ಲಿ ಸೀದಾ ಚಿಕಿತ್ಸಾಲಯಕ್ಕೆ ಹೋಗುತ್ತವೆ. ಬಿಚ್ಚುವುದು ಅಲ್ಲೇ, ಚಂದ್ರಣ್ಣ ಸರ್ ಮತ್ತು ಡಾಕ್ಟರ್ ಮಾತ್ರ.

ಲತಾ (6ನೇ ಕ್ರಾಸ್):
ಹಾಗಾದರೆ ಆರನೇ ಕ್ರಾಸಿಗೆ ಕವರ್ ಹಂಚುವ ಕೆಲಸ ನನಗೆ ಬಿಡಿ.

ನಾಗರತ್ನ (3ನೇ ಕ್ರಾಸ್):
ನಾನು ಗ್ರೂಪಿನಲ್ಲಿ ಬರೆಯುವವಳಲ್ಲ. ನಮ್ಮ ಯಜಮಾನರು ಹೋಗಿ ಐದು ತಿಂಗಳಾಯಿತು, ಕ್ಯಾನ್ಸರ್ ಆಗಿತ್ತು ಅಂತ ನಿಮಗೆಲ್ಲ ಗೊತ್ತು. ಒಂದು ಪೆಟ್ಟಿಗೆ ಔಷಧ ಹಾಗೇ ಇದೆ. ಹೋದವರ ಔಷಧ ಇನ್ನೊಬ್ಬರಿಗೆ ಕೊಟ್ಟರೆ ಒಳ್ಳೆಯದಾಗುವುದಿಲ್ಲ ಅಂತ ನಮ್ಮ ಅತ್ತೆ ಹೇಳುತ್ತಾರೆ. ಎಸೆಯಲು ನನಗೆ ಮನಸ್ಸು ಬರುತ್ತಿಲ್ಲ. ಒಡವೆ ಅಡ ಇಟ್ಟು ತಂದದ್ದು.

ವಿಮಲಾ (3ನೇ ಕ್ರಾಸ್):
ನಾಗು, ನಾನು ಸಂಜೆ ಬಂದು ಅತ್ತೆಯವರ ಹತ್ತಿರ ಮಾತಾಡುತ್ತೇನೆ. ನಿಮ್ಮ ಯಜಮಾನರ ಕಣ್ಣು ದಾನ ಮಾಡಿಸಿದವರು ನೀವೇ ಅಲ್ವಾ? ಅದಕ್ಕೆ ಅತ್ತೆ ಒಪ್ಪಿದ್ದರು. ಇದಕ್ಕೂ ಒಪ್ಪುತ್ತಾರೆ.

ಚಂದ್ರಣ್ಣ (ನಿವೃತ್ತ ಫಾರ್ಮಸಿಸ್ಟ್):
ನಾಗರತ್ನಮ್ಮ, ಆ ಪೆಟ್ಟಿಗೆ ಗುಡಿ ಹತ್ತಿರ ತರಬೇಡಿ. ನಾನೇ ಡಾ. ಶೈಲಜಾ ಅವರ ಜೊತೆ ನಿಮ್ಮ ಮನೆಗೆ ಬರುತ್ತೇನೆ. ಕ್ಯಾನ್ಸರ್ ಮಾತ್ರೆಗಳನ್ನು ಸಾಮಾನ್ಯ ಚಿಕಿತ್ಸಾಲಯದಲ್ಲಿ ಇಟ್ಟುಕೊಳ್ಳುವುದಿಲ್ಲ. ಚಿಕಿತ್ಸೆ ಕೊಟ್ಟ ಡಾಕ್ಟರಿಗೇ ಫೋನ್ ಮಾಡಿ, ಅವರ ಬಡ ರೋಗಿಗಳಿಗೆ ಉಪಯೋಗಕ್ಕೆ ಬರುತ್ತದಾ ಅಂತ ಕೇಳೋಣ. ವಾಂತಿ ನಿಲ್ಲುವ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ ಇದ್ದರೆ ನಮ್ಮ ಡಬ್ಬಕ್ಕೆ ಬರಬಹುದು.

ನೋವಿಗೆ ಕೊಟ್ಟ ಮಾರ್ಫಿನ್, ಟ್ರಮಡಾಲ್, ಮೈಗೆ ಅಂಟಿಸುವ ಫೆಂಟನಿಲ್ ಪಟ್ಟಿ ಇದ್ದರೆ ಈಗಲೇ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಿ. ಅವು ಯಾವುದೇ ಕಾರಣಕ್ಕೂ ದಾನಕ್ಕೆ ಬರುವುದಿಲ್ಲ. ಬಳಸಿದ ಪಟ್ಟಿಯಲ್ಲೂ ಮಗುವಿನ ಉಸಿರು ನಿಲ್ಲಿಸುವಷ್ಟು ಔಷಧ ಉಳಿದಿರುತ್ತದೆ. ಇಂಥ 17 ಔಷಧಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಕೊಟ್ಟಿದೆ. ಅವನ್ನು ಕಸಕ್ಕೆ ಹಾಕದೆ ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡಬೇಕು. ಆ 17 ಬಿಟ್ಟು ಬೇರೆ ಯಾವುದನ್ನೂ ಟಾಯ್ಲೆಟ್‌ಗೆ, ಮೋರಿಗೆ ಹಾಕಬೇಡಿ.

ಸವಿತಾ (2ನೇ ಕ್ರಾಸ್):
ಹಾಗಾದರೆ ಡೇಟ್ ಮುಗಿದದ್ದು ಏನು ಮಾಡುವುದು ಸರ್?

ಗಿರೀಶ್ (4ನೇ ಕ್ರಾಸ್):
ಅದನ್ನು ಹಸಿ ಕಸ, ಒಣ ಕಸದ ಜೊತೆ ಹಾಕಬಾರದು. 2016ರ ಘನತ್ಯಾಜ್ಯ ನಿಯಮದಲ್ಲೇ ಡೇಟ್ ಮುಗಿದ ಔಷಧವನ್ನು ಮನೆಯ ಅಪಾಯಕಾರಿ ತ್ಯಾಜ್ಯ ಅಂತ ಬೇರೆ ಇಟ್ಟಿದ್ದರು. ಕಸದ ಆಟೋಗೆ ಹಾಕಿದ್ದು ಅಜ್ಜಗೊಂಡನಹಳ್ಳಿಯ ಕಸ ವಿಲೇವಾರಿ ಘಟಕಕ್ಕೆ ಹೋಗುತ್ತದೆ, ಅಲ್ಲಿ ಅದನ್ನು ಕೈಯಲ್ಲಿ ಮುಟ್ಟುವುದು ಯಾರೋ ಒಬ್ಬ ಹೆಂಗಸು. ಕೇರಳದ ಕೋಳಿಕ್ಕೋಡಿನಲ್ಲಿ 2025ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆಯೇ ಮನೆಯ ಹಳೇ ಔಷಧ ವಾಪಸ್ ತಗೊಂಡು ಸುಡಿಸುವ ಯೋಜನೆ ಶುರು ಮಾಡಿತು. ನಮ್ಮ ಪಾಲಿಕೆಗೂ ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೂ ಅದನ್ನೇ ಕೇಳಿ ಪತ್ರ ಕೊಡೋಣ. ಭಾನುವಾರ ಸಹಿ ಹಾಕಲು ಕಾಗದ ನಾನು ತರುತ್ತೇನೆ. ಅಲ್ಲಿಯವರೆಗೆ ಡೇಟ್ ಮುಗಿದದ್ದನ್ನು ಬೇರೆ ಕವರಿನಲ್ಲಿ ಹಾಕಿ, ಮೇಲೆ ಕೆಂಪು ಗುಣಾಕಾರ ಗುರುತು ಮಾಡಿ ತನ್ನಿ. ಆಸ್ಪತ್ರೆ ತ್ಯಾಜ್ಯದ ಜೊತೆ ಕಳಿಸಲು ಚಿಕಿತ್ಸಾಲಯದವರು ಒಪ್ಪಿದ್ದಾರೆ.

ಡಾ. ಶೈಲಜಾ (1ನೇ ಕ್ರಾಸ್):
ಒಂದು ಸಣ್ಣ ವಿಷಯ. ಹೊಸ ಮಾತ್ರೆ ಬರೆಸಿಕೊಂಡಾಗ ಒಂದೇ ಸಲ ಮೂರು ತಿಂಗಳದ್ದು ತರಬೇಡಿ. ಮೊದಲು ಹದಿನೈದು ದಿನದ್ದು ತನ್ನಿ. ಬಹಳ ಮನೆಗಳಲ್ಲಿ ಉಳಿಯುವುದು ಡಾಕ್ಟರ್ ಮಾತ್ರೆ ಬದಲಾಯಿಸಿದ್ದಕ್ಕೇ. ಬಿಲ್ ಇದ್ದರೆ ಒಡೆಯದ ಸ್ಟ್ರಿಪ್ ವಾಪಸ್ ತಗೊಳ್ಳುವ ಮೆಡಿಕಲ್ ಅಂಗಡಿಗಳೂ ಇವೆ, ಮೊದಲು ಅಲ್ಲಿ ಕೇಳಿ.

ಇರ್ಫಾನ್ (5ನೇ ಕ್ರಾಸ್):
ಭಾನುವಾರ ಬೆಳಿಗ್ಗೆ ನೀರು ಬಿಡುತ್ತಾರೆ, ಹೆಂಗಸರು ಯಾರೂ ಮನೆ ಬಿಟ್ಟು ಬರಲು ಆಗುವುದಿಲ್ಲ. ಸಂಜೆ ನಾಲ್ಕಕ್ಕೆ ಇಡಿ. ಐದನೇ ಕ್ರಾಸಿನ ಕವರ್ ನಾನು ಹಂಚುತ್ತೇನೆ. ಮೆಟ್ಟಿಲು ಹತ್ತಲಾಗದ ಅಜ್ಜ ಅಜ್ಜಿ ಇರುವ ಮನೆಯಿಂದ ನಾನೇ ಹೋಗಿ ತರುತ್ತೇನೆ.

ಮಂಜುನಾಥ (ಸಂಘದ ಕಾರ್ಯದರ್ಶಿ):
ಸಂಜೆ ನಾಲ್ಕರಿಂದ ಆರು, ಗಣಪತಿ ಗುಡಿ ಪಕ್ಕದ ಸಂಘದ ಕೋಣೆಯಲ್ಲಿ. ಹೊರಗೆ ಮೇಜು ಹಾಕುವುದಿಲ್ಲ. ಒಂದು ಮತ್ತು ಎರಡನೇ ಕ್ರಾಸಿಗೆ ಕವರ್ ಹಂಚಲು ಇನ್ನೂ ಯಾರೂ ಸಿಕ್ಕಿಲ್ಲ. ಯಾರು ಬರುತ್ತೀರಿ?

ಸವಿತಾ (2ನೇ ಕ್ರಾಸ್):
ಎರಡೂ ನನಗೆ ಕೊಡಿ ಮಂಜಣ್ಣ. ನನ್ನ ಮಗನೂ ಜೊತೆಗೆ ಬರುತ್ತಾನೆ.